ಹೊಲಿಗೆ ಚೆನ್ನಾಗಿದ್ದ ಆಸ್ಪತ್ರೆ

"ನಾಯಿ ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ. ನೀನು ಇಲ್ಲಿ ಕೂತು ನಕ್ಷತ್ರ ಎಣಿಸ್ತಿದ್ದೀಯ. ನಾಚಿಕೆ ಆಗಲ್ವೇನೋ ನಿನಗೆ?"

ಇಸ್ತ್ರಿಪೆಟ್ಟಿಗೆಯನ್ನು ಹಲಗೆಯ ಮೇಲೆ ದಡ್ಡೆಂದು ಕುಕ್ಕಿ ಟೈಲರು ಕೂಗಿದ. ಅರ್ಧ ಇಸ್ತ್ರಿಯಾಗಿದ್ದ ಪ್ಯಾಂಟು ಬೆಚ್ಚಿಬಿದ್ದಂತೆ ಒಂದು ಕಾಲು ಕೆಳಗೆ ಇಳಿಬಿಟ್ಟಿತು. ಬಟ್ಟೆ ಹಾಕಿ ನೋಡುವ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಭಾವಮೈದುನ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಭಾವ, ಇವು ಆಕಾಶದ ನಕ್ಷತ್ರ ಅಲ್ಲ. ಹೋಗಿ ಬಂದೋರು ಕೊಟ್ಟಿರೋದು. ಮೇನ್ ರೋಡಿನ ಹೊಸ ಆಸ್ಪತ್ರೆಗೆ ಐದಕ್ಕೆ ಐದು. ಜನ ಸುಮ್ಮನೆ ಕೊಡ್ತಾರಾ?"

"ಕೊಡ್ತಾರೆ. ನಿನ್ನಂಥವರು ಕೊಡ್ತಾರೆ. ಐದು ನಕ್ಷತ್ರದ ಚಪ್ಪಲಿ ಅಂತ ತರಿಸಿದ್ಯಲ್ಲ, ರಸ್ತೆ ದಾಟೋಷ್ಟರಲ್ಲಿ ಅಟ್ಟೆ ಆ ಕಡೆ, ನೀನು ಈ ಕಡೆ. ಅದಕ್ಕೂ ನೀನು ನಾಲ್ಕು ಕೊಟ್ಟಿದ್ದೆ."

"ಬಣ್ಣ ಚೆನ್ನಾಗಿತ್ತು ಭಾವ."

"ನೀವಿಬ್ಬರೂ ಜಗಳ ಮುಗಿಸಿ ಏಳೋ ಹೊತ್ತಿಗೆ ನಾಯಿ ಇರಲ್ಲ," ಎಂದಳು ಟೈಲರನ ಹೆಂಡತಿ.

ಅವಳು ಹೊಲಿಗೆ ಯಂತ್ರದ ಪಕ್ಕದಲ್ಲಿ, ಚೂರುಬಟ್ಟೆಯ ರಾಶಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾಯಿಯ ತಲೆ ಅವಳ ತೊಡೆಯ ಮೇಲಿತ್ತು. ಕಂದು ಮೈ, ಕತ್ತಿನ ಸುತ್ತ ಮಾತ್ರ ಬಿಳಿ ಪಟ್ಟೆ. ಅದಕ್ಕೇ ಅದರ ಹೆಸರು ಕಾಲರ್. ಮರಿಯಿದ್ದಾಗ ಅಂಗಡಿಗೆ ನುಗ್ಗಿ ಚೂರುಬಟ್ಟೆಯಲ್ಲಿ ಮಲಗಿದ್ದು, ಮತ್ತೆ ಅಲ್ಲಿಂದ ಹೋಗಲೇ ಇಲ್ಲ. ಆ ಮನೆಯಲ್ಲಿ ಅವಳ ಮಾತನ್ನು ಕೊನೆತನಕ ಕೇಳುತ್ತಿದ್ದ ಜೀವ ಅದೊಂದೇ. ಗಂಡ ಅರ್ಧ ಕೇಳಿ ಉತ್ತರ ಕೊಡುತ್ತಿದ್ದ, ತಮ್ಮ ಕೇಳದೆಯೇ ತಲೆಯಾಡಿಸುತ್ತಿದ್ದ. ಹಾಗಾಗಿ ನಾಯಿ ಅನ್ನ ಬಿಟ್ಟಾಗ ಅವಳೂ ಬಿಟ್ಟಿದ್ದಳು. ಅದನ್ನು ಯಾರೂ ಗಮನಿಸಿರಲಿಲ್ಲ, ಅದು ಬೇರೆ ಮಾತು.

"ಹೊಟ್ಟೆಯಲ್ಲಿ ಏನೋ ಆಗಿದೆ," ಎಂದು ಟೈಲರು ತೀರ್ಪು ಕೊಟ್ಟ. ಅವನಿಗೆ ತೀರ್ಪು ಕೊಡಲು ಸಾಕ್ಷಿ ಬೇಕಾಗುತ್ತಿರಲಿಲ್ಲ. "ಒಳ್ಳೇ ಡಾಕ್ಟರಿಗೆ ತೋರಿಸಬೇಕು. ಆದರೆ ನಕ್ಷತ್ರ ನೋಡಿ ಅಲ್ಲ."

"ಮತ್ತೆ ಏನು ನೋಡಿ?" ಎಂದ ಭಾವಮೈದುನ.

"ಹೊಲಿಗೆ ನೋಡಿ."

ಇಬ್ಬರೂ ಅವನ ಮುಖ ನೋಡಿದರು. ಟೈಲರು ಕೊರಳಿನ ಅಳತೆಪಟ್ಟಿಯನ್ನು ಸರಿಮಾಡಿಕೊಂಡ. ಅವನು ದೊಡ್ಡ ಮಾತು ಆಡುವ ಮುಂಚೆ ಅಳತೆಪಟ್ಟಿ ಸರಿಮಾಡಿಕೊಳ್ಳುತ್ತಿದ್ದ.

"ಡಾಕ್ಟರು ಹೇಳೋ ಮಾತಿಗೆ ಸಾಕ್ಷಿ ಇಲ್ಲ. ಕೊಡೋ ಔಷಧಿ ಒಳಗೆ ಹೋದ ಮೇಲೆ ಕಣ್ಣಿಗೆ ಕಾಣಲ್ಲ. ಪ್ರಾಣಿಗೆ ಬಾಯಿಲ್ಲ. ಹೊರಗೆ ಉಳಿಯೋದು ಒಂದೇ, ಹೊಲಿಗೆ. ಹೊಲಿಗೆ ಸುಳ್ಳು ಹೇಳಲ್ಲ. ಯಾರು ಹೊಲಿಗೆ ಚೆನ್ನಾಗಿ ಹಾಕ್ತಾರೋ ಅವರಿಗೆ ಕೈ ಇದೆ. ಕೈ ಇರೋರಿಗೆ ಬುದ್ಧಿ ಇದ್ದೇ ಇರುತ್ತೆ."

ಕೈಗೂ ಬುದ್ಧಿಗೂ ಇರುವ ಈ ಸಂಬಂಧಕ್ಕೆ ಅವನ ಹತ್ತಿರ ಇದ್ದ ಪುರಾವೆ ಅವನೇ. ಅದರ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು, ಆದರೆ ಕೇಳುವವರಿರಲಿಲ್ಲ.

"ಹಾಗಾದ್ರೆ ಈಗಲೇ ನಾಯೀನ ಎತ್ತಿಕೊಂಡು ಹೋಗೋಣ," ಎಂದಳು ಹೆಂಡತಿ.

"ನಾಯಿ ಯಾಕೆ? ಮೊದಲು ಅಂಗಡಿ ನೋಡಬೇಕು, ಆಮೇಲೆ ಬಟ್ಟೆ ಕೊಡಬೇಕು. ನಡಿ, ನೀನೂ ಬಾ. ನಿನ್ನ ತಮ್ಮ ನಾಯಿ ಹತ್ರ ಇರಲಿ. ಅಷ್ಟಾದರೂ ಮಾಡಲಿ."

ಹೀಗೆ ಗಂಡ ಹೆಂಡತಿ ಕಾಯಿಲೆಯ ನಾಯಿಯನ್ನು ಮನೆಯಲ್ಲಿ ಬಿಟ್ಟು ಡಾಕ್ಟರನ್ನು ಪರೀಕ್ಷೆ ಮಾಡಲು ಹೊರಟರು.

ಹತ್ತಿರದ್ದೆಂದರೆ ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಆಸ್ಪತ್ರೆ. ಟಯರುಗಳ ಸಾಲು ದಾಟಿ ಓಣಿಗೆ ತಿರುಗುವಷ್ಟರಲ್ಲಿ ಎದುರಿಗೆ ಒಬ್ಬ ಗಡ್ಡದವನು ದೊಡ್ಡ ಕರಿನಾಯಿಯೊಂದನ್ನು ಹಿಡಿದುಕೊಂಡು ಬಂದ. ನಾಯಿಯ ತೊಡೆ ಬೋಳಿಸಿತ್ತು, ಅದರ ಮೇಲೆ ಹೊಲಿಗೆಯಿತ್ತು. ಟೈಲರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ಅಲ್ಲೇ ಮಂಡಿಯೂರಿದ. ನಾಯಿ ಗುರ್ರೆಂದಿತು.

"ಹಿಡ್ಕೊಳ್ಳಿ ಸ್ವಲ್ಪ. ನೋಡ್ತೀನಿ ಅಷ್ಟೇ."

"ನೀವು ಡಾಕ್ಟರಾ?"

"ಟೈಲರು." ಅವನು ಅಳತೆಪಟ್ಟಿಯನ್ನು ತೊಡೆಗೆ ಹಿಡಿದ. "ಅಯ್ಯೋ ಇದೇನು ಹೊಲಿಗೆನಾ, ಈರುಳ್ಳಿ ಮೂಟೆ ಬಾಯಿ ಕಟ್ಟಿದ್ದಾ? ಒಂದು ಗಂಟು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಇದನ್ನ ಹಾಕಿಸ್ಕೊಂಡು ನೀವು ಸುಮ್ಮನೆ ಬಂದ್ರಾ?"

"ಲಾರಿ ಅಡಿ ಸಿಕ್ಕಿತ್ತು ಸ್ವಾಮಿ. ಬದುಕಿದೆಯಲ್ಲ."

"ಬದುಕೋದು ಬೇರೆ, ಫಿನಿಶಿಂಗ್ ಬೇರೆ."

ಗಡ್ಡದವನು ಟೈಲರನ ಹೆಂಡತಿಯ ಕಡೆ ನೋಡಿದ. ಅವಳು ಟಯರುಗಳ ಕಡೆ ನೋಡಿದಳು. ನಾಯಿ ಮಾತ್ರ ಟೈಲರನ ಕಿವಿಯನ್ನೇ ನೋಡುತ್ತಿತ್ತು. ಅವನು ಸಮಯಕ್ಕೆ ಸರಿಯಾಗಿ ಎದ್ದ.

ಒಳಗೆ ಒಂದೇ ಕೋಣೆ. ಮರದ ಬೆಂಚು, ತಗಡು ಹೊದಿಸಿದ ಮೇಜು, ಫಿನಾಯಿಲ್ ವಾಸನೆ. ಮೇಜಿನ ಮೂಲೆಯಲ್ಲಿ ಕಾಗದದ ಮೇಲೆ ಅರ್ಧ ತಿಂದ ಬನ್ನು. ಡಾಕ್ಟರಮ್ಮನಿಗೆ ನೆಗಡಿಯಾಗಿತ್ತು. ದಪ್ಪ ಹೆಂಗಸು, ತೋಳು ಮಡಿಸಿದ ಅಂಗಿ, ಮುಖದಲ್ಲಿ ಯಾರನ್ನೂ ಬಾ ಎನ್ನುವ ಲಕ್ಷಣವಿಲ್ಲ. ಬುಟ್ಟಿಯಲ್ಲಿ ಕೋಳಿ ತಂದಿದ್ದ ಮುದುಕನೊಬ್ಬನನ್ನು ಅವರು ಆಗಷ್ಟೇ ಸಾಗಹಾಕುತ್ತಿದ್ದರು.

"ಇದಕ್ಕೇನೂ ಆಗಿಲ್ಲ ತಾತ. ಪುಕ್ಕ ಉದುರಿಸೋ ಕಾಲ, ಉದುರಿಸ್ತಿದೆ. ಮನೆಗೆ ಹೋಗಿ."

"ಒಂದು ಇಂಜೆಕ್ಷನ್ ಆದ್ರೂ ಕೊಡಿ ಅಮ್ಮ, ಇಷ್ಟು ದೂರ ಬಂದಿದ್ದೀನಿ."

"ನೀವು ದೂರ ಬಂದಿದ್ದಕ್ಕೆ ಕೋಳಿಗೆ ಯಾಕೆ ಚುಚ್ಚಲಿ?"

ಮುದುಕ ಗೊಣಗುತ್ತ ಹೋದ. ಟೈಲರು ಹೆಂಡತಿಯ ಕಿವಿಯಲ್ಲಿ, "ಬಾಗಿಲಿಗೆ ಬಂದ ಗಿರಾಕೀನ ವಾಪಸ್ ಕಳಿಸ್ತಾಳೆ. ಇವಳಿಗೆ ಕಸುಬೇ ಗೊತ್ತಿಲ್ಲ," ಎಂದ. ಅವನ ಪಿಸುಮಾತು ಎದುರು ಮನೆಯವರೆಗೆ ಕೇಳುತ್ತಿತ್ತು.

"ಪ್ರಾಣಿ ಎಲ್ಲಿ?" ಎಂದರು ಡಾಕ್ಟರಮ್ಮ.

"ಮನೇಲಿದೆ. ನಾಯಿ."

"ನೀವು ಮತ್ತೆ ಯಾಕೆ ಬಂದ್ರಿ?"

"ನೋಡೋಕೆ."

"ಏನನ್ನ?"

"ನಿಮ್ಮನ್ನ."

ಡಾಕ್ಟರಮ್ಮ ಕರವಸ್ತ್ರದಲ್ಲಿ ಮೂಗು ಸೀಟಿಕೊಂಡರು. "ನೋಡಾಯ್ತಾ?"

"ಹೊರಗೆ ಒಂದು ಕರಿನಾಯಿ ತೊಡೆ ನೋಡಿದೆ. ಆ ಹೊಲಿಗೆ ನಿಮ್ಮದೇನಾ?"

"ನಂದೇ."

"ಸೊಟ್ಟ ಬಂದಿದೆ."

"ಬಂದಿದೆ. ನನಗೆ ಹೊಲಿಯೋ ಅಭ್ಯಾಸ ಕಡಿಮೆ. ಅಪರೂಪಕ್ಕೆ ಒಂದು ಸಲ ಬೀಳುತ್ತೆ ಅಂಥ ಕೆಲಸ."

ಟೈಲರು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. ಕಳ್ಳ ತಾನಾಗಿಯೇ ಒಪ್ಪಿಕೊಂಡಾಗ ಪೊಲೀಸಿನವನ ಮುಖ ಹಾಗೆ ಅರಳುತ್ತದೆ. ಡಾಕ್ಟರಮ್ಮ ಅವನನ್ನು ಅಲ್ಲಿಗೇ ಬಿಟ್ಟು ಹೆಂಡತಿಯನ್ನು ಕೇಳಿದರು, "ಏನಮ್ಮ ಆಗಿದೆ ನಾಯಿಗೆ?"

"ತಿಂತಿಲ್ಲ ಡಾಕ್ಟ್ರೇ."

"ಬಟ್ಟಲ ಹತ್ರ ಹೋಗುತ್ತಾ?"

ಈ ಪ್ರಶ್ನೆಯನ್ನು ಅವಳಿಗೆ ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳ ಧ್ವನಿ ಸ್ವಲ್ಪ ಏರಿತು. "ಹೋಗುತ್ತೆ. ಬಾಲ ಆಡಿಸ್ಕೊಂಡೇ ಹೋಗುತ್ತೆ. ಮೂಸುತ್ತೆ, ಬಾಯಿ ಹಾಕುತ್ತೆ, ತಕ್ಷಣ ಹಿಂದಕ್ಕೆ ಬರುತ್ತೆ. ಜೊಲ್ಲು ಸುರಿಯುತ್ತೆ. ತಲೇನ ಒಂದು ಕಡೆ ವಾಲಿಸ್ಕೊಂಡು ನನ್ನನ್ನ ನೋಡುತ್ತೆ."

"ವಾಂತಿ?"

"ಇಲ್ಲ."

"ಹಾಗಾದ್ರೆ ಅದಕ್ಕೆ ಹಸಿವಿದೆ, ಅಗಿಯೋಕಾಗ್ತಿಲ್ಲ. ಹೊಟ್ಟೆಗಿಂತ ಮುಂಚೆ ಬಾಯಿ ನೋಡಬೇಕು. ಹಲ್ಲಿರಬಹುದು, ಏನಾದ್ರೂ ಸಿಕ್ಕಿಹಾಕ್ಕೊಂಡಿರಬಹುದು. ತಡ ಮಾಡದೆ ಕರ್ಕೊಂಡು ಬನ್ನಿ." ಅವರು ಬನ್ನನ್ನು ಕೈಗೆತ್ತಿಕೊಂಡರು. "ಇವರು ಬರಲೇಬೇಕು ಅಂತೇನಿಲ್ಲ."

ಓಣಿಯಲ್ಲೇ ಗಂಡ ಹೆಂಡತಿಗೆ ಜಗಳ ಹತ್ತಿತು.

"ನಾನು ಹೋಗಿ ಕಾಲರ್‌ನ ತರ್ತೀನಿ. ಇವರಿಗೇ ತೋರಿಸೋಣ."

"ಈ ಗೋಣಿ ಡಾಕ್ಟರಮ್ಮನಿಗಾ? ತಲೆ ಕೆಟ್ಟಿದೆಯಾ ನಿನಗೆ? ಅಭ್ಯಾಸ ಇಲ್ಲ ಅಂತ ಅವಳೇ ಬಾಯಿಬಿಟ್ಟು ಹೇಳಿದ್ಳು. ನಾಳೆ ನಾಯಿ ಹೊಟ್ಟೆ ಇವಳ ಕೈಗೆ ಕೊಟ್ರೆ ಮೂಟೆ ಹೊಲಿದ ಹಾಗೆ ಹೊಲಿದು ಕಳಿಸ್ತಾಳೆ."

"ಅವರೆಲ್ಲಿ ಹೊಟ್ಟೆ ಅಂದ್ರು? ಬಾಯಿ ಅಂದ್ರಲ್ಲ."

"ಕೊಯ್ಯೋಕೆ ಬರದವರು ಹಾಗೇ ಅನ್ನೋದು. ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಮೇನ್ ರೋಡಿನ ಆಸ್ಪತ್ರೆ ದೂರದಿಂದಲೇ ಹೊಳೆಯುತ್ತಿತ್ತು. ಗೋಡೆಯೂ ಗಾಜು, ಬಾಗಿಲೂ ಗಾಜು. ಐದು ನಕ್ಷತ್ರದ ಆಸ್ಪತ್ರೆ ಅದೇ ಎಂದು ಹೆಂಡತಿ ನೆನಪಿಸಿದಳು. ನಕ್ಷತ್ರಕ್ಕೂ ತನಗೂ ಸಂಬಂಧವಿಲ್ಲ, ಊರಿನಲ್ಲಿ ಇರುವುದೇ ಎರಡು, ಇದನ್ನೂ ನೋಡುವುದು ಧರ್ಮ ಎಂದ ಟೈಲರು. ಮೆಟ್ಟಿಲ ಮೇಲೆ ಕನ್ನಡಕದ ಹೆಂಗಸೊಬ್ಬಳು ಬಿಳಿ ಬೆಕ್ಕನ್ನು ಎದೆಗವಚಿಕೊಂಡು ಗಾಡಿಗೆ ಕಾಯುತ್ತಿದ್ದಳು.

"ಮೇಡಂ, ನಿಮ್ಮ ಬೆಕ್ಕಿನ ಹೊಟ್ಟೆ ಸ್ವಲ್ಪ ತೋರಿಸ್ತೀರಾ?"

ಹೆಂಗಸು ಒಂದು ಮೆಟ್ಟಿಲು ಮೇಲೆ ಹತ್ತಿದಳು. ಟೈಲರನ ಹೆಂಡತಿ ಮುಂದೆ ಬಂದು, ನಮ್ಮ ನಾಯಿಗೆ ಹುಷಾರಿಲ್ಲ, ಡಾಕ್ಟರನ್ನು ಹುಡುಕುತ್ತಿದ್ದೇವೆ, ಇವರು ಸ್ವಲ್ಪ ಹೀಗೆ ಎಂದು ವಿವರಿಸಿದ ಮೇಲೆ ಆ ಹೆಂಗಸು ಬೆಕ್ಕನ್ನು ಅಂಗಾತ ತಿರುಗಿಸಿದಳು.

ಟೈಲರು ಉಸಿರು ಬಿಗಿಹಿಡಿದ. ಒಳಹೊಲಿಗೆ. ದಾರ ಎಲ್ಲಿ ಹೊಕ್ಕಿತು, ಎಲ್ಲಿ ಹೊರಟಿತು ಗೊತ್ತಾಗುವಂತಿಲ್ಲ. ಬೆಕ್ಕಿನ ಹೊಟ್ಟೆಯ ನಡುವೆ ಒಂದು ಕೂದಲೆಳೆಯಷ್ಟು ಗೆರೆ, ಅಷ್ಟೇ. ಅವನ ಅಪ್ಪ ಸತ್ತಾಗಲೂ ತೇವವಾಗದಿದ್ದ ಕಣ್ಣು ಸ್ವಲ್ಪ ತೇವವಾಯಿತು.

"ಇದು ಕೈ," ಎಂದ. "ಇದಕ್ಕೆ ಅನ್ನೋದು ಕೈ ಅಂತ."

"ಇದು ಎರಡನೇ ಸಲದ್ದು," ಎಂದಳು ಬೆಕ್ಕಿನವಳು ಹೆಮ್ಮೆಯಿಂದ. "ಮೊದಲನೇ ಸಲದ್ದು ಇನ್ನೂ ಚೆನ್ನಾಗಿತ್ತು. ಅದು ಪಕ್ಕದಲ್ಲಿದೆ, ಕೂದಲು ಬಂದು ಮುಚ್ಚಿಹೋಗಿದೆ."

"ಎರಡು ಸಲ ಯಾಕೆ?" ಎಂದಳು ಟೈಲರನ ಹೆಂಡತಿ.

"ಮೊದಲನೇ ಸಲ ಒಳಗೆ ಏನೂ ಸಿಗಲಿಲ್ಲ."

"ಎರಡನೇ ಸಲ?"

"ಡಾಕ್ಟ್ರು ತುಂಬಾ ಕಷ್ಟಪಟ್ಟು ಹುಡುಕಿದ್ರು."

ಹೆಂಡತಿ ಗಂಡನ ತೋಳು ಹಿಡಿದು ಎಳೆದಳು. ಆದರೆ ಅವನು ಆ ಲೋಕದಲ್ಲಿರಲಿಲ್ಲ. ಆ ಗೆರೆ ಎಷ್ಟು ಅಂಗುಲ ನೇರವಾಗಿ ಓಡಿದೆ ಎಂದು ಬೆಕ್ಕಿನ ಮೇಲೆ ಅಳೆಯುತ್ತಿದ್ದ.

ಮನೆಗೆ ಬಂದು ಅವನು ಆಸ್ಪತ್ರೆ ಗೊತ್ತಾಯಿತು ಎಂದು ಸಾರಿದಾಗ ಭಾವಮೈದುನ ಸ್ಟೂಲಿನಿಂದ ಎದ್ದೇಬಿಟ್ಟ.

"ನಾನು ಹೇಳಿದ್ದೇ ಅದು ಅಲ್ವಾ ಭಾವ."

"ನೀನು ಹೇಳಿದ್ದು ಹೆಬ್ಬೆರಳಿಂದ. ನಾನು ಹೇಳ್ತಿರೋದು ಕಣ್ಣಿಂದ. ಬಾಡಿಗೆ ಕಾರು ಕರಿ."

ನಾಯಿ ಬಟ್ಟಲಿನ ಮುಂದೆ ನಿಂತಿತ್ತು. ಮೀನಿನ ತುಂಡನ್ನು ಮೂಸಿತು, ನಾಲಗೆ ಚಾಚಿತು, ಮುಖ ಹಿಂದಕ್ಕೆ ಎಳೆದುಕೊಂಡಿತು. ಕೆಳದುಟಿಯಿಂದ ಜೊಲ್ಲಿನ ಎಳೆ ಬಟ್ಟಲಿನವರೆಗೆ ಇಳಿಯಿತು. "ನೋಡಿ, ನೋಡಿ ಇಲ್ಲಿ," ಎಂದಳು ಹೆಂಡತಿ. ಟೈಲರು ನೋಡಲಿಲ್ಲ, ನಾಯಿಯನ್ನು ಹೊದಿಸಿ ಒಯ್ಯಲು ಒಳ್ಳೆಯ ಲೈನಿಂಗ್ ಬಟ್ಟೆ ಹುಡುಕುತ್ತಿದ್ದ. ಅಂಥ ಡಾಕ್ಟರ ಮುಂದೆ ಹಳೇ ಚಾದರದಲ್ಲಿ ಹೋಗಲು ಆಗುತ್ತದೆಯೇ?

ನಾಯಿಯನ್ನು ಭಾವಮೈದುನನ ತೊಡೆಯ ಮೇಲೆ ಮಲಗಿಸಿ ಮೂವರೂ ಹೊರಟರು. ಕಾರು ಸೈಕಲ್ ಅಂಗಡಿಯ ಹತ್ತಿರ ಬಂದಾಗ ಅವಳು ಡ್ರೈವರನಿಗೆ ನಿಲ್ಲಿಸಿ ಎಂದಳು. ಟೈಲರು ನಡಿ ಎಂದ. ಡ್ರೈವರು ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡಿ, ಯಾರ ದನಿ ದೊಡ್ಡದೋ ಅವರ ಮಾತು ಕೇಳಿದ. ಲೋಕದ ನಿಯಮವೇ ಅದು, ಡ್ರೈವರನ್ನು ಅಂದು ಪ್ರಯೋಜನವಿಲ್ಲ.

ಗಾಜಿನ ಆಸ್ಪತ್ರೆಯ ಒಳಗೆ ಮೀನಿನ ತೊಟ್ಟಿ, ಮೆತ್ತನೆ ಸೋಫಾ, ಹೂವಿನ ವಾಸನೆ. ಸ್ವಾಗತದ ಹುಡುಗಿ ನಾಯಿಗೂ ನಮಸ್ಕಾರ ಹೇಳಿದಳು. ಸೋಫಾದುದ್ದಕ್ಕೂ ಪ್ರಾಣಿಗಳು, ಗಾಯ ನೆಕ್ಕದಂತೆ ಪ್ರತಿಯೊಂದರ ಕೊರಳಿಗೂ ಆಲಿಕೆಯಂತೆ ಅಗಲಬಾಯಿಯ ಪ್ಲಾಸ್ಟಿಕ್ಕಿನ ಕೊಳವೆ. ದೀಪದ ಬುರುಡೆಗಳನ್ನು ಸಾಲಾಗಿ ಕೂರಿಸಿದ ಹಾಗಿತ್ತು. ಟೈಲರನಿಗೆ ಆ ಕೊಳವೆಗಳ ಕಟಿಂಗೂ ಮೆಚ್ಚಿಗೆಯಾಯಿತು. ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಸೋಫಾದ ಮೂಲೆಯಲ್ಲಿ ಕೂತಿದ್ದ ಮೊಲಕ್ಕೂ ಮೂರೇ ಕಾಲಿದ್ದವು.

"ಪಾಪ, ಏನಾಗಿತ್ತು ಇದಕ್ಕೆ?" ಎಂದಳು ಹೆಂಡತಿ ಮೊಲದ ಯಜಮಾನನಿಗೆ.

"ಉಗುರು ಕತ್ತರಿಸೋಕೆ ತಂದಿದ್ದೆ ಅಮ್ಮ. ಡಾಕ್ಟರು ನೋಡಿದ್ದು ಒಳ್ಳೇದಾಯ್ತು."

ಡಾಕ್ಟರು ನೋಡಲು ಲಕ್ಷಣವಾಗಿದ್ದ. ತೆಳ್ಳನೆ ಬೆರಳು, ಹಾಲಿನಂಥ ಮಾತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾರೆ. ಅವನು ಕಾಲರ್‌ನ ಹೊಟ್ಟೆಯ ಮೇಲೆ ಬೆರಳೂರಿ ಮೇಲಕ್ಕೆ ನೋಡಿದ.

"ಹೊಟ್ಟೆ," ಎಂದ.

"ನಾನೂ ಅದೇ ಹೇಳಿದೆ ಸಾರ್," ಎಂದ ಟೈಲರು. ಅವನ ಮುಖ ಹತ್ತು ವರ್ಷ ಚಿಕ್ಕದಾಯಿತು.

"ಬಾಯಿ ನೋಡಲ್ವಾ ಡಾಕ್ಟ್ರೇ?" ಎಂದಳು ಹೆಂಡತಿ. "ತಿನ್ನೋಕೆ ಹೋಗಿ ಹಿಂದಕ್ಕೆ ಬರುತ್ತೆ. ಹಸಿವಿದೆ ಅದಕ್ಕೆ."

"ಬಾಯಿ ಎಲ್ಲಿಗೂ ಹೋಗಲ್ಲ ಮೇಡಂ, ಆಮೇಲೆ ನೋಡೋಣ. ಇಲ್ಲಿಂದ ಇಲ್ಲೀತನಕ ಒಂದು ಚಿಕ್ಕ ಕಟ್." ಅವನು ನಾಯಿಯ ಹೊಟ್ಟೆಯುದ್ದಕ್ಕೂ ಬೆರಳಿನಿಂದ ಗೆರೆ ಎಳೆದ. "ಹೊರಗಿನಿಂದ ಏನು ಹೇಳೋದು? ಬಿಚ್ಚಿ ನೋಡದೆ ಹೇಳೋಕಾಗಲ್ಲ."

ಹೆಂಡತಿ ತಟ್ಟನೆ ತಲೆಯೆತ್ತಿದಳು.

ಬಿಚ್ಚಿ ನೋಡದೆ ಹೇಳೋಕಾಗಲ್ಲ. ಈ ಮಾತನ್ನು ಅವಳು ಮದುವೆಯಾದಂದಿನಿಂದ ಅಂಗಡಿಯ ಪರದೆಯ ಹಿಂದೆ ನಿಂತು ಕೇಳುತ್ತ ಬಂದಿದ್ದಳು, ತನ್ನ ಗಂಡನ ಬಾಯಿಂದ. ಯಾರೋ ಪಾಪ ಕೋಟಿನ ಜೇಬು ಹರಿದಿದೆ ಎಂದು ತರುತ್ತಾರೆ. ಇವನು ಬಟ್ಟೆಯನ್ನು ಉಜ್ಜಿ ನೋಡಿ, ನಿಟ್ಟುಸಿರು ಬಿಟ್ಟು, ಈ ಮಾತು ಹೇಳುತ್ತಾನೆ. ಅವರು ಹೂಂ ಎನ್ನುವುದರೊಳಗೆ ಕತ್ತರಿ ಆಡಿ, ಕೋಟು ಮೇಜಿನ ಮೇಲೆ ತೋಳು ಬೇರೆ, ಬೆನ್ನು ಬೇರೆ, ಲೈನಿಂಗು ಬೇರೆಯಾಗಿ ಬಿದ್ದಿರುತ್ತದೆ. ಆಮೇಲೆ ಜೇಬೊಂದನ್ನೇ ಹೊಲಿ ಎಂದು ಯಾರು ಹೇಳುತ್ತಾರೆ? ಬಿಚ್ಚಿದ ಕೋಟನ್ನು ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾರೆ? "ಕತ್ತರಿ ಬಿದ್ದ ಮೇಲೆ ಗಿರಾಕಿ ನಮ್ಮವನು," ಎಂದು ಊಟಕ್ಕೆ ಕೂತಾಗ ನಗುತ್ತ ಹೇಳುತ್ತಿದ್ದ. ಮತ್ತೆ ಹೊಲಿದು ಕೊಡುವುದು ಮಾತ್ರ ಸೊಗಸಾಗಿ. ಅದರಲ್ಲಿ ಎರಡು ಮಾತಿಲ್ಲ.

ಮೇಜಿನ ಆಚೆ ಗಂಡ ಡಾಕ್ಟರನ ಜೊತೆ ದಾರದ ವಿಚಾರಕ್ಕೆ ಇಳಿದಿದ್ದ.

"ಕರಗೋ ದಾರನಾ ಸಾರ್?"

"ಒಳಗೆ ಕರಗೋದು, ಹೊರಗೂ ಕಾಣದ ಹಾಗೆ ಮಾಡ್ತೀವಿ."

"ಬೆಕ್ಕಿಂದು ನೋಡಿದೆ ಸಾರ್. ಕಣ್ಣಿಗೆ ಹಬ್ಬ."

"ದಿನಾ ಮಾಡ್ತೀವಲ್ಲ, ಕೈ ಪಳಗಿರುತ್ತೆ."

"ಡಾಕ್ಟ್ರೇ," ಎಂದಳು ಹೆಂಡತಿ. "ಕೊಯ್ಯದೆ ಮನೆಗೆ ಕಳಿಸಿದ ಪ್ರಾಣಿ ಯಾವುದಾದ್ರೂ ಇದೆಯಾ ಇಲ್ಲಿ?"

ಡಾಕ್ಟರು ಚೆಂದವಾಗಿ ನಕ್ಕ. "ನಂಬಿ ಬಂದವರನ್ನ ನಾವು ಹಾಗೆಲ್ಲ ಬರಿಗೈಲಿ ಕಳಿಸಲ್ಲ ಮೇಡಂ. ನೀವು ಹೊರಗೆ ಕೂತಿರಿ, ನಾನು ಸಿದ್ಧವಾಗಿ ಕರೀತೀನಿ."

ಹೊರಗಿನ ಸೋಫಾಕ್ಕೆ ಬಂದ ಮೇಲೆ ಅವಳು ಕೂರಲಿಲ್ಲ. ನಾಯಿಯನ್ನು ತಮ್ಮನ ತೋಳಿನಿಂದ ತೆಗೆದುಕೊಂಡಳು.

"ಏಳಿ. ಹೋಗೋಣ."

"ಎಲ್ಲಿಗೆ?"

"ಹೊಲಿಗೆ ಬರದವರ ಹತ್ರ."

"ನಿನಗೆ ಹುಚ್ಚು," ಎಂದ ಟೈಲರು. "ಇಷ್ಟು ಒಳ್ಳೇ ಕೈ ಸಿಕ್ಕಿದೆ—"

"ಒಳ್ಳೇ ಕೈ ಹೇಗೆ ಬಂತು ಅಂತ ಯೋಚನೆ ಮಾಡಿದ್ರಾ? ದಿನಾ ಯಾರನ್ನೋ ಬಿಚ್ತಾರೆ, ಅದಕ್ಕೆ. ಆಯಮ್ಮ ಬಿಚ್ಚಲ್ಲ, ಅದಕ್ಕೆ ಅವರಿಗೆ ಹೊಲಿಯೋಕೆ ಬರಲ್ಲ. ನಿಮಗೆ ಇವರು ಯಾಕೆ ಇಷ್ಟ ಆದ್ರು ಗೊತ್ತಾ ರೀ? ಥೇಟ್ ನಿಮ್ಮ ಹಾಗೇ ಇದ್ದಾರೆ."

"ಮೆಲ್ಲಗೆ ಮಾತಾಡು. ಜನ ಇದ್ದಾರೆ."

"ಮೆಲ್ಲಗೆ ಮಾತಾಡಿ ಮಾತಾಡಿಯೇ ಇಲ್ಲೀತನಕ ಬಂದಿದ್ದು. ಕೋಟು ಬಿಚ್ಚಿದ್ರೆ ಇನ್ನೊಂದು ಹೊಲಿದು ಕೊಡ್ತೀರಿ. ಇದು ನನ್ನ ನಾಯಿ. ಬರ್ತೀರಾ, ಇಲ್ವಾ?"

ಟೈಲರನ ಕಿವಿ ಕೆಂಪಾಯಿತು. ಸೋಫಾದ ಮೇಲಿದ್ದ ಬುರುಡೆಗಳೆಲ್ಲ ಅವನ ಕಡೆಗೇ ತಿರುಗಿದ್ದವು. ಅವಳು ಹೇಳಿದ್ದು ತಲೆಯೊಳಗೆ ಸರಿಯಾದ ಜಾಗಕ್ಕೇ ಹೋಗಿ ಕೂತಿತ್ತು, ಅದೇ ತೊಂದರೆ. ಈಗ ಎದ್ದರೆ ನಾಯಿಯ ವಿಷಯದಲ್ಲಿ ಸೋತಂತೆ ಮಾತ್ರವಲ್ಲ, ಅಂಗಡಿಯ ವಿಷಯದಲ್ಲೂ ಸೋತಂತೆ. ಅವನು ಕಾಲ ಮೇಲೆ ಕಾಲು ಹಾಕಿದ.

"ನಾನು ಬರಲ್ಲ. ನೀನೂ ಹೋಗಲ್ಲ. ಬಾಗಿಲ ತನಕ ಹೋಗಿ ವಾಪಸ್ ಬರ್ತೀಯ. ಅಷ್ಟು ಭಾರ ಹೊತ್ಕೊಂಡು ಎಲ್ಲಿಗೆ ಹೋಗ್ತೀಯ?"

ಅವಳು ನಾಯಿಯನ್ನು ಭುಜಕ್ಕೆ ಒರಗಿಸಿಕೊಂಡು ನಡೆದಳು. ನಾಯಿಯ ಹಿಂಗಾಲುಗಳು ಅವಳ ಮೊಣಕಾಲಿಗೆ ಬಡಿಯುತ್ತಿದ್ದವು, ಲೈನಿಂಗ್ ಬಟ್ಟೆ ನೆಲಕ್ಕೆ ಜಾರಿತು. ಭಾವಮೈದುನ ಭಾವನ ಮುಖ ನೋಡಿದ, ಅಕ್ಕನ ಬೆನ್ನು ನೋಡಿದ, ಮೊಬೈಲು ಜೇಬಿಗೆ ಹಾಕಿದ.

"ಅಕ್ಕ, ನಿಲ್ಲು. ಹಿಂದಿನ ಕಾಲು ನಾನು ಹಿಡ್ಕೊಳ್ತೀನಿ."

ಗಾಜಿನ ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು. ಇಬ್ಬರ ನಡುವೆ ನಾಯಿ ತೂಗುತ್ತ ಹೋಗುವುದು ಗಾಜಿನಲ್ಲಿ ಕಾಣುತ್ತಿತ್ತು. ತಿರುವಿನಲ್ಲಿ ಅವಳು ನಿಂತಳು. ಈಗ ತಿರುಗುತ್ತಾಳೆ ಎಂದುಕೊಂಡ. ಅವಳು ನಾಯಿಯ ತಲೆಯನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡು ಓಣಿಯ ಕಡೆ ಹೋದಳು.

ಡಾಕ್ಟರು ಕೈಗವಸು ತೊಟ್ಟು ಹೊರಗೆ ಬಂದ. "ಪೇಷಂಟ್ ಎಲ್ಲಿ?"

"ಬರ್ತಾಳೆ ಸಾರ್," ಎಂದ ಟೈಲರು. "ಕೋಪ ಸ್ವಲ್ಪ ಜಾಸ್ತಿ. ನೀವು ಕೈಗವಸು ತೆಗೀಬೇಡಿ."

ಡಾಕ್ಟರು ತೆಗೆಯಲಿಲ್ಲ, ಮೊಲವನ್ನು ಒಳಗೆ ಕರೆದುಕೊಂಡು ಹೋದ. ಬಾಗಿಲು ತೆರೆಯಿತು, ಟೈಲರು ನೆಟ್ಟಗೆ ಕೂತ. ಪಂಜರ ಹಿಡಿದ ಹುಡುಗಿ. ಮತ್ತೆ ತೆರೆಯಿತು. ನೆಲ ಒರೆಸುವವನು. ಟೈಲರು ಬಗ್ಗಿ ಲೈನಿಂಗ್ ಬಟ್ಟೆಯನ್ನು ಎತ್ತಿ ಮಡಿಸಿ ತೊಡೆಯ ಮೇಲಿಟ್ಟುಕೊಂಡ. ಸ್ವಾಗತದ ಹುಡುಗಿ ಬಹಳ ಹೊತ್ತಿನಿಂದ ಅವನನ್ನೇ ನೋಡುತ್ತಿದ್ದಳು.

"ಸುಮ್ಮನೆ ಕಾಯ್ತಿದ್ದೀರಲ್ಲ ಸಾರ್. ತೋರಿಸೋಕೆ ಮನೇಲಿ ಬೇರೆ ಯಾವುದಾದ್ರೂ ಪ್ರಾಣಿ ಇದೆಯಾ?"

ಅವನು ಬಾಗಿಲಿನ ಕಡೆಗೇ ನೋಡುತ್ತ ಕೂತ. ಆಮೇಲೆ ಅದು ತುಂಬ ಸಲ ತೆರೆಯಿತು, ಅವಳಿಗಾಗಿ ಮಾತ್ರ ತೆರೆಯಲಿಲ್ಲ.